ಮೂರನೆಯ ಸಲದ ಬೆಲ್ಲ

ನಾನು ಜಿಪುಣಿ ಎಂಬ ಮಾತು ವರ್ಕಾಡಿಯಿಂದ ಹೊರಟು ಕುಂಜತ್ತೂರಿನವರೆಗೆ ಹೋಗಿ ಮುಟ್ಟಿದೆ ಎಂದು ಮೊನ್ನೆ ಗೊತ್ತಾಯಿತು. ಮುಟ್ಟಿಸಿದವರು ನನ್ನ ಸೊಸೆಯ ದೊಡ್ಡಪ್ಪ. ಪಾಪ, ಅವರದ್ದೇನೂ ತಪ್ಪಿಲ್ಲ. ಬಿಸಿಲಲ್ಲಿ ನಡೆದುಕೊಂಡು ನಮ್ಮ ಮನೆಗೆ ಬಂದಿದ್ದರು. ನಾನು ಪದ್ಧತಿಯಂತೆ ಹರಿವಾಣದಲ್ಲಿ ಒಂದು ತುಂಡು ಬೆಲ್ಲ, ಜೊತೆಗೆ ಒಂದು ಚೆಂಬು ನೀರು ತಂದು ಮುಂದಿಟ್ಟೆ. ಅವರೂ ಪದ್ಧತಿಯಂತೆ "ಬೆಲ್ಲ ಎಲ್ಲ ಎಂತಕ್ಕೆ, ಬೇಡ" ಎಂದರು. ನಾನು ನೀರನ್ನು ಅಲ್ಲೇ ಬಿಟ್ಟು ಬೆಲ್ಲವನ್ನು ಎತ್ತಿಕೊಂಡು ಒಳಗೆ ಹೋದೆ. ಅದನ್ನು ಭರಣಿಗೆ ಹಾಕಿ ಮುಚ್ಚಳ ಮುಚ್ಚಿದ ಸದ್ದು ಚಾವಡಿಗೆ ಚೆನ್ನಾಗಿ ಕೇಳಿಸಿತಂತೆ.

"ಅತ್ತೆ, ಎಂತ ಮಾಡಿದ್ದು ನೀವು?" ಎಂದಳು ಸೊಸೆ, ಅವರು ಹೋದ ಮೇಲೆ.

"ಬೇಡ ಅಂದ್ರಲ್ಲ."

"ಒಂದು ಸಲ ಬೇಡ ಅಂದದ್ದಕ್ಕೆ ಯಾರಾದ್ರೂ ತೆಗೆದುಕೊಂಡು ಹೋಗ್ತಾರಾ? ಮೂರು ಸಲ ಆದ್ರೂ ಕೇಳ್ಬೇಕಲ್ಲ. ದೊಡ್ಡಪ್ಪನ ಮುಖ ಇಷ್ಟು ಸಣ್ಣ ಆಯ್ತು."

ಅವಳು ಹೇಳಿದ್ದು ಸರಿ. ನಮ್ಮ ಕಡೆ ಮೊದಲನೆಯ ಬೇಡ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೆಯ ಸಲ ಕೇಳುವ ಹೊತ್ತಿಗೆ ಬಂದವರ ಕೈ ತಾನಾಗಿ ಮುಂದೆ ಬರಬೇಕು. ಈ ಲೆಕ್ಕ ನನಗೆ ಗೊತ್ತಿಲ್ಲದ್ದಲ್ಲ. ಒಂದು ಕಾಲದಲ್ಲಿ ಈ ಒತ್ತಾಯದ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಮನೆಯಲ್ಲೇ ಇರಲಿಲ್ಲ. ನನ್ನ ಕಷ್ಟ ಶುರುವಾದದ್ದೇ ಅಲ್ಲಿಂದ. ನೀವು ಕೂತುಕೊಳ್ಳಿ, ಹೇಳುತ್ತೇನೆ. ಬೆಲ್ಲ ಬೇಕಿದ್ದರೆ ಮೊದಲ ಸಲಕ್ಕೇ ಬೇಕು ಎಂದುಬಿಡಿ.

ನನ್ನ ಸೋದರಮಾವ ಊರಿನ ಉಗ್ರಾಣಿಯಾಗಿದ್ದರು. ಪಟೇಲರ ಮಾತು, ಶಾನುಭಾಗರ ಚೀಟಿ, ತಾಲೂಕು ಕಚೇರಿಯ ಹುಕುಂ, ಇವನ್ನೆಲ್ಲ ಮನೆಮನೆಗೆ ನಡೆದು ಮುಟ್ಟಿಸುವುದು ಉಗ್ರಾಣಿಯ ಕೆಲಸ. ನಮ್ಮದು ಆಗ ಹೆಣ್ಣುಮಕ್ಕಳು ತಾಯಿಮನೆಯಲ್ಲೇ ಉಳಿಯುವ ಕಟ್ಟಿನ ಕುಟುಂಬ. ಅಪ್ಪ ಅವರ ಮನೆಯಲ್ಲಿ, ನಾವು ನಮ್ಮ ಮನೆಯಲ್ಲಿ. ಹಾಗಾಗಿ ಮನೆಯಲ್ಲಿದ್ದವರು ಅಜ್ಜಿ, ಅಮ್ಮ, ನಾನು, ಮತ್ತು ನಮ್ಮ ಮೂವರನ್ನೂ ಸಾಕುತ್ತಿದ್ದ ಮಾವನ ಎರಡು ಕಾಲುಗಳು. ಕಾಲು ಎಂದು ಬೇಕೆಂದೇ ಹೇಳುತ್ತಿದ್ದೇನೆ. ನಡೆಯಲಾರದ ಉಗ್ರಾಣಿಯನ್ನು ಯಾವ ಪಟೇಲರೂ ಒಂದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಇದು ಅಜ್ಜಿಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿತ್ತು, ಒಂಬತ್ತು ವರ್ಷದ ನನಗೂ ಗೊತ್ತಿತ್ತು.

ಮಾವ ಭಾರೀ ಆಳು. ಅವರ ಖಾಕಿ ಅಂಗಿಯ ಕೆಳಗಿನ ಎರಡು ಗುಂಡಿಗಳು ಕಾಜ ಸೇರಿದ್ದನ್ನು ನಾನು ಕಂಡೇ ಇರಲಿಲ್ಲ. ಅಷ್ಟು ನಡೆಯುವವರಿಗೆ ಅಷ್ಟು ದೊಡ್ಡ ಹೊಟ್ಟೆ ಎಲ್ಲಿಂದ ಬಂತು ಎಂದು ಆಗ ಯಾರೂ ಕೇಳಲಿಲ್ಲ. ಈಗ ನಾನು ಹೇಳಬಲ್ಲೆ. ಒಂದು ದಿನದಲ್ಲಿ ಹದಿನೈದು ಮನೆ ಹತ್ತಿ ಇಳಿದರೆ ಹದಿನೈದು ತುಂಡು ಬೆಲ್ಲ. ಉಗ್ರಾಣಿ ಬೆಲ್ಲ ಬೇಡ ಎನ್ನುವಂತೆಯೇ ಇರಲಿಲ್ಲ. ಚೀಟಿ ತಂದ ಉಗ್ರಾಣಿ ಬೆಲ್ಲ ಮುಟ್ಟದೆ ಎದ್ದರೆ ಆ ಮನೆಯವರ ಜೀವ ಬಾಯಿಗೆ ಬರುತ್ತಿತ್ತು. ಚೀಟಿಯಲ್ಲಿ ಏನೋ ಗಂಡಾಂತರ ಬರೆದಿದೆ, ಅದಕ್ಕೇ ಈ ಮನುಷ್ಯನಿಗೆ ನಮ್ಮ ಬೆಲ್ಲ ಗಂಟಲಲ್ಲಿ ಇಳಿಯುತ್ತಿಲ್ಲ ಎಂದು. ಆದ್ದರಿಂದ ಮಾವ ತಿನ್ನುತ್ತಿದ್ದರು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅನ್ನ, ಸಂಜೆ ಮತ್ತೆ ಗಂಜಿ, ಇವುಗಳ ನಡುವೆ ಊರಿನ ಅಷ್ಟೂ ಬೆಲ್ಲ. ಅವರ ಅಂಗೈಗೆ ಯಾವಾಗಲೂ ಒಂದು ಬೆಲ್ಲದ ವಾಸನೆ. ಚಿಕ್ಕವಳಿದ್ದಾಗ ನಾನು ಆ ಕೈಯನ್ನು ಮೂಸಿ, ನೆಕ್ಕಿ, ಪೆಟ್ಟು ತಿಂದದ್ದುಂಟು.

ಆಮೇಲೆ ಯುದ್ಧ ಬಂತು. ಯುದ್ಧ ಎಲ್ಲಿ ನಡೆಯುತ್ತಿದೆ ಎಂದು ನಮಗೆ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಪಾಲಿಗೆ ಅದು ನಡೆದದ್ದು ಅಕ್ಕಿಯ ಮಡಕೆಯಲ್ಲಿ. ಸರಕಾರದ ಕಂಟ್ರೋಲ್ ಅಂಗಡಿಯಲ್ಲಿ ಅಳೆದು ಕೊಡುವ ಅಕ್ಕಿ ಅರ್ಧ ತಿಂಗಳಿಗೆ ಮುಗಿಯುತ್ತಿತ್ತು. ಉಳಿದ ಅರ್ಧ ತಿಂಗಳು ಬಸಳೆ, ನುಗ್ಗೆ ಸೊಪ್ಪು, ಹುರುಳಿ, ಸಿಕ್ಕಿದ ದಿನ ಬೂತಾಯಿ ಮೀನು. ಸಕ್ಕರೆ ಬಂದರೆ ಅಜ್ಜಿ ನನ್ನ ಪಾಲನ್ನು ತಮ್ಮ ಖಾಲಿಯಾದ ನಶ್ಯದ ಡಬ್ಬಿಯಲ್ಲಿ ಹಾಕಿ ಕೊಡುತ್ತಿದ್ದರು. ಆ ಡಬ್ಬಿಯನ್ನು ಎಷ್ಟು ತೊಳೆದರೂ ಸಕ್ಕರೆ ತಿಂದ ಮೇಲೆ ಎರಡು ಸೀನು ಬರುತ್ತಿತ್ತು.

ಅದೇ ದಿನಗಳಲ್ಲಿ ಮಾವ ಇಳಿಯತೊಡಗಿದರು. ಮೊದಲು ಹೋದದ್ದು ಹೊಟ್ಟೆ. ಅಂಗಿಯ ಕೆಳಗಿನ ಗುಂಡಿಗಳು ಕಾಜ ಸೇರಿದ ದಿನ ನಾವೆಲ್ಲ ನಕ್ಕೆವು. ಆಮೇಲೆ ಕೆನ್ನೆ ಹೋಯಿತು. ಆಮೇಲೆ ಕೊರಳಿನ ಎಲುಬು ಎದ್ದು ಬಂತು, ನಗು ನಿಂತಿತು. ಮಾವ ಮನೆಗೆ ಬಂದವರೇ ಚೆಂಬಿಗೆ ಕಾಯದೆ ಕೊಡಪಾನವನ್ನೇ ಎತ್ತಿ ಕುಡಿಯುತ್ತಿದ್ದರು. ಕುಡಿದು, ತೆಂಗಿನ ಮರದ ಬುಡಕ್ಕೆ ಹೋಗಿ, ಬಂದು ಮತ್ತೆ ಕುಡಿಯುತ್ತಿದ್ದರು.

"ಬರಗಾಲದ ಹಸಿವು ಇವನನ್ನು ಒಳಗಿಂದ ತಿನ್ತಾ ಉಂಟು" ಎಂದರು ಅಜ್ಜಿ.

ನಮಗೆ ಅದರಲ್ಲಿ ಸಂಶಯವೇ ಬರಲಿಲ್ಲ. ಸೊರಗಿದವರಿಗೆ ಉಣ್ಣಿಸಬೇಕು. ಇದಕ್ಕಿಂತ ಸರಳವಾದ ಸಂಗತಿ ಭೂಮಿಯ ಮೇಲೆ ಯಾವುದಿದೆ, ನೀವೇ ಹೇಳಿ.

ನಾನು ನನ್ನ ಡಬ್ಬಿಯನ್ನು ಹಿಡಿದುಕೊಂಡು ಬಚ್ಚಲುಕೊಟ್ಟಿಗೆಯ ಹಿಂದೆ ಮಾವನಿಗಾಗಿ ಕಾದೆ. ಅವರು ಕಾಲು ತೊಳೆಯಲು ಬಂದಾಗ ಅಂಗೈಯಲ್ಲಿ ಸಕ್ಕರೆ ಸುರಿದು ಮುಂದೆ ಹಿಡಿದೆ.

"ಬೇಡ ಮಗಾ" ಎಂದರು.

ನನಗೆ ಪಾಠ ಬಾಯಿಗೆ ಬರುತ್ತಿತ್ತು. ಮೊದಲನೆಯದು ಮರ್ಯಾದೆಗೆ. ಮತ್ತೆ ಕೇಳಿದೆ.

"ಬೇಡ. ನೀನು ತಿನ್ನು. ನಿಂಗೆ ಬೇಕದು."

ಎರಡನೆಯದು ಸಂಕೋಚಕ್ಕೆ. ಮೂರನೆಯ ಸಲ ಕೈಯನ್ನು ಅವರ ಬಾಯಿಯವರೆಗೂ ಚಾಚಿದೆ. ಮಾವ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಾಯಿ ತೆರೆದರು. ತಿಂದು ಎರಡು ಸಲ ಸೀನಿದರು. ಗಂಟಲಿನಿಂದ ಇಳಿಯುವವರೆಗೆ ನಾನು ಕಣ್ಣು ತೆಗೆಯಲಿಲ್ಲ. ಆ ದಿನ ನನ್ನಷ್ಟು ದೊಡ್ಡ ಮನುಷ್ಯರು ಇಡೀ ವರ್ಕಾಡಿಯಲ್ಲಿ ಇರಲಿಲ್ಲ. ನಮ್ಮಿಬ್ಬರ ಈ ಗುಟ್ಟು ದಿನವೂ ನಡೆಯಿತು. ಡಬ್ಬಿ ಖಾಲಿಯಾದ ಮೇಲೆ ಭರಣಿಯಿಂದ ಬೆಲ್ಲ ಕದ್ದೆ. ಬೆಲ್ಲ ಕದಿಯುವುದು ನನಗೆ ಮೊದಲೇ ಅಭ್ಯಾಸವಿತ್ತು. ಅದನ್ನು ನಾನೇ ತಿನ್ನದೆ ಇನ್ನೊಬ್ಬರಿಗೆ ಕೊಡುವುದು ಮಾತ್ರ ಹೊಸದು.

ಮಾವ ಮಾತ್ರ ದಿನದಿಂದ ದಿನಕ್ಕೆ ಇಳಿದರು. ನನಗೆ ಗಾಬರಿಯಾಗತೊಡಗಿತು. ನನ್ನ ಕಣ್ಣೆದುರೇ ತಿನ್ನುತ್ತಿದ್ದಾರೆ, ಕಣ್ಣೆದುರೇ ಒಣಗುತ್ತಿದ್ದಾರೆ. ತಿಂದದ್ದೆಲ್ಲ ಹೋಗುತ್ತಿರುವುದು ಎಲ್ಲಿಗೆ?

ಎಲ್ಲಿಗೆ ಎಂದು ಒಂದು ಬೆಳಿಗ್ಗೆ ಕಂಡಿತು. ತೆಂಗಿನ ಮರದ ಬುಡದಲ್ಲಿ ಇರುವೆ. ಒಂದೆರಡು ಸಾಲಲ್ಲ, ಮಣ್ಣೇ ಕಾಣದಷ್ಟು ಇರುವೆ. ಮದುವೆ ಮನೆಯ ಹಿತ್ತಿಲಲ್ಲಿ ಪಾಯಸದ ಎಲೆ ಬಿಸಾಡಿದಲ್ಲಿ ಕೂಡುವ ಹಾಗೆ. ನಾನು ಅಜ್ಜಿಯನ್ನು ಕರೆದು ತೋರಿಸಿದೆ. ಅಜ್ಜಿ ಬಗ್ಗಿ ನೋಡಿದರು, ನನ್ನ ಕೈಯಲ್ಲಿದ್ದ ಖಾಲಿ ಡಬ್ಬಿಯನ್ನು ನೋಡಿದರು, ಮತ್ತೆ ಇರುವೆಗಳನ್ನು ನೋಡಿದರು. ಬೆನ್ನಿಗೆ ಎರಡು ಬಿದ್ದಾಗಲೇ ನನಗೆ ವಿಷಯ ತಿಳಿದದ್ದು.

"ಜನ ಸಕ್ಕರೆ ಸಿಗದೆ ಒದ್ದಾಡ್ತಾ ಇದ್ದಾರೆ. ನೀನು ಇಲ್ಲಿ ಇರುವೆಗೆ ಹಾಕಿ ಆಡ್ತೀಯಾ?"

ಮಾವನಿಗೆ ಕೊಟ್ಟೆ ಎಂದು ಹೇಳಿದರೆ ಭರಣಿಯ ಕಳ್ಳತನವೂ ಹೊರಬರುತ್ತದೆ. ನಾನು ಬಾಯಿ ಮುಚ್ಚಿಕೊಂಡು ಅತ್ತೆ. ಮಾವ ಚಾವಡಿಯಲ್ಲೇ ಇದ್ದರು. ಅವರು ಬಂದು ನನ್ನನ್ನು ಬಿಡಿಸಿಕೊಂಡರು. ತೆಂಗಿನ ಬುಡದ ಕಡೆ ಒಮ್ಮೆ ನೋಡಿ ಒಳಗೆ ಹೋದರು. ಆ ನೋಟ ನನಗೆ ಆಗ ಅರ್ಥವಾಗಲಿಲ್ಲ.

ಇದಾಗಿ ಹದಿನೈದು ದಿನ ಕಳೆದಿರಬಹುದು. ಮಾವ ಗುಡ್ಡದಾಚೆಗೆ ಚೀಟಿ ಕೊಟ್ಟು ಮಧ್ಯಾಹ್ನ ಊಟಕ್ಕೆ ಬಂದರು. ಅವರ ಹಿಂದೆ ಚಾವಡಿಯ ಸಗಣಿ ಸಾರಿಸಿದ ನೆಲದ ಮೇಲೆ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ ರಕ್ತದ ಗುರುತು. ಅಮ್ಮ ಕಿರುಚಿ ಅವರ ಕಾಲು ಎತ್ತಿ ನೋಡಿದರು. ಕಿರುಬೆರಳಿನ ಬುಡಕ್ಕೆ ಒಂದು ಕಾರೆಮುಳ್ಳು ನಾಟಿ, ಮುರಿದು, ಒಳಗೇ ನಿಂತಿತ್ತು. ನನ್ನ ಬೆರಳಿನಷ್ಟು ಉದ್ದ.

"ಹೌದಾ?" ಎಂದರು ಮಾವ, ಬೇರೆ ಯಾರದ್ದೋ ಕಾಲು ನೋಡುವ ಹಾಗೆ. "ನಂಗೆ ಗೊತ್ತೇ ಆಗ್ಲಿಲ್ಲ."

ನೋವಿನಿಂದ ಅತ್ತಿದ್ದರೆ ನಮಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಅಷ್ಟು ದೊಡ್ಡ ಮುಳ್ಳು ತುಳಿದು ಎರಡು ಮೈಲು ನಡೆದ ಮನುಷ್ಯನಿಗೆ ಗೊತ್ತೇ ಆಗಲಿಲ್ಲವೆಂದರೆ ಆ ಕಾಲು ಯಾರದ್ದು? ಅಜ್ಜಿ ಸೊಪ್ಪು ಅರೆದು ಕಟ್ಟಿದರು, ಅರಸಿನ ಹಾಕಿದರು, ದೈವಕ್ಕೆ ಹರಕೆ ಹೇಳಿದರು. ಗಾಯ ಒಣಗುವ ಬದಲು ಕಿರುಬೆರಳು ಕಪ್ಪಾಯಿತು, ಆಮೇಲೆ ಅದರ ಪಕ್ಕದ್ದು. ಪಟೇಲರ ಮನೆಯಿಂದ ಎರಡು ಸಲ ಜನ ಬಂದು ಉಗ್ರಾಣಿ ಯಾವಾಗ ಏಳುತ್ತಾರೆ ಎಂದು ಕೇಳಿ ಹೋದರು. ಕೊನೆಗೆ ಅಮ್ಮ ಎತ್ತಿನ ಗಾಡಿ ಹೇಳಿದರು. ಮಂಜೇಶ್ವರದ ಸ್ಟೇಶನಿನ ಹತ್ತಿರ ಒಬ್ಬರು ಇಂಗ್ಲಿಷ್ ಮದ್ದಿನ ಡಾಕ್ಟರು ಇದ್ದರು. ಮಾವನನ್ನು ಗಾಡಿಯಲ್ಲಿ ಮಲಗಿಸಿ ನಾವು ಮೂವರೂ ಹೋದೆವು. ದಾರಿಗೆಂದು ಅಜ್ಜಿ ಕುಚ್ಚಲಕ್ಕಿ ಅನ್ನದ ಬುತ್ತಿ ಕಟ್ಟಿಕೊಂಡಿದ್ದರು.

ಡಾಕ್ಟರು ಕಾಲಿನತ್ತ ಒಮ್ಮೆ ನೋಡಿ, ಮಾವನ ಮೂತ್ರ ತರಿಸಿದರು. ಕಾಲಿಗೆ ಹುಣ್ಣಾದರೆ ಮೂತ್ರ ಯಾಕೆ ಎಂದು ಅಜ್ಜಿ ಅಮ್ಮನ ಕಿವಿಯಲ್ಲಿ ಕೇಳಿದರು. ಕಂಪೌಂಡರು ಒಂದು ಗಾಜಿನ ಕೊಳವೆಯಲ್ಲಿ ನೀಲಿ ನೀರು ತೆಗೆದುಕೊಂಡರು. ಬಹಳ ಚಂದದ ನೀಲಿ. ಅದಕ್ಕೆ ಕೆಲವು ಹನಿ ಮೂತ್ರ ಬಿಟ್ಟು ದೀಪದ ಮೇಲೆ ಹಿಡಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ನೋಡುತ್ತಿದ್ದಂತೆ ಇಡೀ ಕೊಳವೆ ಮಾಡಿನ ಹಂಚಿನ ಬಣ್ಣಕ್ಕೆ ತಿರುಗಿತು. ನನಗೆ ಅದು ಜಾದೂ ಅನ್ನಿಸಿ ಚಪ್ಪಾಳೆ ತಟ್ಟಲು ಕೈ ಎತ್ತಿದೆ. ಡಾಕ್ಟರ ಮುಖ ನೋಡಿ ಇಳಿಸಿದೆ.

"ಮೈಯಲ್ಲಿ ಪೂರಾ ಸಕ್ಕರೆ ಉಂಟು" ಎಂದರು ಡಾಕ್ಟರು. "ಎಂತ ಕೊಡ್ತಾ ಇದ್ದೀರಿ ಇವರಿಗೆ ತಿನ್ಲಿಕ್ಕೆ?"

"ಎಂತ ಕೊಡುವುದು ಈ ಬರಗಾಲದಲ್ಲಿ" ಎಂದರು ಅಜ್ಜಿ. "ಎಲ್ಲರಿಗೆ ಇದ್ದದ್ದೇ."

ಅಮ್ಮ ತಲೆ ತಗ್ಗಿಸಿದರು. "ನಾನು ಬೆಳಿಗ್ಗೆ ಮಧ್ಯಾಹ್ನ ಬೆಲ್ಲದ ಕಾಫಿ ಕೊಡ್ತಿದ್ದೆ ಅಣ್ಣನಿಗೆ. ನನ್ನ ಪಾಲಿನ ಬೆಲ್ಲವನ್ನೂ ಹಾಕಿ. ಅಮ್ಮನಿಗೆ ಹೇಳಿರ್ಲಿಲ್ಲ."

ಅಜ್ಜಿ ಮಗಳನ್ನು ನೋಡಿದರು. ಆಮೇಲೆ ಮೆಲ್ಲ ತಾವೂ ಹೇಳಿದರು. ಮೂರು ತಿಂಗಳಿಂದ ಅವರು ಅನ್ನವನ್ನೇ ಉಂಡಿರಲಿಲ್ಲ. ತಮ್ಮ ಪಾಲಿನ ಅನ್ನವನ್ನೆಲ್ಲ ಮಗನ ಬಟ್ಟಲಿನ ಅಡಿಗೆ ಒತ್ತಿ ಮೇಲೆ ಸೊಪ್ಪು ಮುಚ್ಚಿ ಕೊಟ್ಟು, ತಾವು ಬರೀ ಗಂಜಿಯ ತಿಳಿ ಕುಡಿಯುತ್ತಿದ್ದರು. ಇದನ್ನು ಕೇಳಿ ಅಮ್ಮನಿಗೆ ಅಳು ಬಂತು. ಆ ಅಳುವಿನ ನಡುವೆ ನಾನೂ ನನ್ನ ನಶ್ಯದ ಡಬ್ಬಿ, ಭರಣಿಯ ಬೆಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಒಂದೇ ಮನೆಯ ಮೂವರು ಹೆಂಗಸರು, ಒಬ್ಬರಿಗೊಬ್ಬರು ತಿಳಿಯದ ಹಾಗೆ, ಒಂದೇ ಬಾಯಿಗೆ ತುರುಕುತ್ತಿದ್ದೆವು. ಮಾವ ಬೆಂಚಿನ ಮೇಲೆ ಮಲಗಿ ಮಾಡಿನ ಹಂಚು ನೋಡುತ್ತಿದ್ದರು.

ಡಾಕ್ಟರಿಗೆ ಸಿಟ್ಟು ಬರಬೇಕಿತ್ತು. ಅವರು ಕುರ್ಚಿಯಲ್ಲಿ ಕೂತುಬಿಟ್ಟರು. "ನೋಡಿ ಅಮ್ಮ, ಇವರ ಒಲೆ ಹತ್ತುವುದಿಲ್ಲ. ನೀವು ಸೌದೆ ಹಾಕ್ತಾ ಇದ್ದೀರಿ. ಹಾಕಿದ ಸೌದೆ ಎಲ್ಲ ಹಾಗೇ ಮೂತ್ರದಲ್ಲಿ ಅಂಗಳಕ್ಕೆ ಹೋಗ್ತಾ ಉಂಟು. ಒಲೆ ಹತ್ತದಿದ್ದಾಗ ಮೈ ತನ್ನ ಮಾಂಸವನ್ನೇ ಸುಟ್ಟುಕೊಳ್ತದೆ. ಅದಕ್ಕೇ ತಿಂದಷ್ಟೂ ಸಪೂರ ಆಗುವುದು. ಇನ್ನು ಬೆಲ್ಲ ಇಲ್ಲ, ಸಕ್ಕರೆ ಇಲ್ಲ. ಅನ್ನ, ಗಂಜಿ ಒಂದು ಹಿಡಿ ಸಾಕು."

ಬೆಲ್ಲ ಬೇಡವೆಂದದ್ದನ್ನು ಅಜ್ಜಿ ಒಪ್ಪಿದರು. ಗಂಜಿ ಎಂದ ಕೂಡಲೇ ಎದ್ದು ನಿಂತರು. ಜ್ವರಕ್ಕೆ ಗಂಜಿ, ಬಾಣಂತಿಗೆ ಗಂಜಿ, ಹಲ್ಲು ಬಾರದವರಿಗೂ ಹಲ್ಲು ಬಿದ್ದವರಿಗೂ ಗಂಜಿ ಕೊಟ್ಟು ಅರುವತ್ತು ವರ್ಷ ಬದುಕಿದವರು ಅವರು.

"ಗಂಜಿಯಲ್ಲಿ ಎಂತ ಸಕ್ಕರೆ, ಡಾಕ್ಟ್ರೇ? ನಾನು ಉಪ್ಪು ಹಾಕಿ ಕೊಡುವುದು."

"ಬುತ್ತಿ ತಂದಿದ್ದೀರಲ್ಲ. ಬಿಚ್ಚಿ. ಒಂದು ತುತ್ತು ಬಾಯಿಗೆ ಹಾಕಿ. ಪಲ್ಯ ಬೇಡ, ಬರೀ ಅನ್ನ. ನುಂಗಬಾರದು. ನಾನು ಹೇಳುವವರೆಗೆ ಜಗಿಯಿರಿ."

ಅಜ್ಜಿ ಬುತ್ತಿ ಬಿಚ್ಚಿ ಒಂದು ತುತ್ತು ಹಾಕಿಕೊಂಡರು. ಇದ್ದ ನಾಲ್ಕೈದು ಹಲ್ಲಿನಲ್ಲಿ ಆ ಕಡೆಯಿಂದ ಈ ಕಡೆಗೆ ತಿರುಗಿಸಿ ತಿರುಗಿಸಿ ಜಗಿದರು. ಡಾಕ್ಟರು ಸುಮ್ಮನೆ ಕೂತರು, ನಾವೆಲ್ಲ ಅಜ್ಜಿಯ ದವಡೆಯನ್ನೇ ನೋಡಿದೆವು. ಹೊರಗೆ ಒಂದು ಗೂಡ್ಸ್ ಗಾಡಿ ಬಂದು ಹೋಯಿತು. ಆಮೇಲೆ ಅಜ್ಜಿಯ ದವಡೆ ನಿಧಾನವಾಯಿತು. ಮತ್ತೆ ಪೂರ್ತಿ ನಿಂತಿತು. ಅವರ ಕಣ್ಣು ಅಷ್ಟು ದೊಡ್ಡದಾದದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಮತ್ತೂ ನೋಡಲಿಲ್ಲ. ಬಾಯಿಯಲ್ಲಿದ್ದುದನ್ನು ಅಂಗೈಗೆ ಉಗಿದು ಅದನ್ನೇ ನೋಡುತ್ತಾ ನಿಂತರು.

"ಸಿಹಿ" ಎಂದರು.

ಅವರ ಪಾಲಿಗೆ ಅನ್ನ ಅಂದರೆ ಸಿಹಿಯೂ ಅಲ್ಲ, ಖಾರವೂ ಅಲ್ಲ. ಅನ್ನ ಅಂದರೆ ಊಟ. ಅದನ್ನು ನುಂಗುವ ಅವಸರದಲ್ಲಿ ಇಷ್ಟು ವರ್ಷ ಅದರ ಒಳಗುಟ್ಟು ಬಾಯಿಗೆ ತಿಳಿದಿರಲಿಲ್ಲ. ಮನೆಯಲ್ಲಿ ನಾನೂ ಜಗಿದು ನೋಡಿದೆ, ಅಮ್ಮ ಜಗಿದು ನೋಡಿದರು. ನಂಬಿಕೆ ಬರದಿದ್ದರೆ ನೀವೂ ಜಗಿದು ನೋಡಿ. ನಿಮ್ಮ ಬಟ್ಟಲಿನ ಅನ್ನದ ಮೇಲೆ ಆ ದಿನದಿಂದ ನಿಮಗೆ ಸಣ್ಣ ಸಂಶಯ ಉಳಿಯುತ್ತದೆ, ಅದಕ್ಕೆ ನಾನು ಜವಾಬ್ದಾರಳಲ್ಲ.

ಹೊರಡುವಾಗ ಡಾಕ್ಟರು ಇನ್ನೊಂದು ಮಾತು ಹೇಳಿದರು. ಅದು ಮುಳ್ಳಿಗಿಂತ ಆಳಕ್ಕೆ ಹೋಯಿತು.

"ಕಂಟ್ರೋಲಿನಲ್ಲಿ ಇವರ ಪಾಲಿಗೆ ಬಂದದ್ದನ್ನು ಮಾತ್ರ ಇವರು ತಿಂದಿದ್ದರೆ, ಸೊಪ್ಪು, ಮೀನು, ಹುರುಳಿಯಲ್ಲಿ ಇದ್ದಿದ್ದರೆ, ಇಷ್ಟಾಗುತ್ತಿರಲಿಲ್ಲವೋ ಏನೋ. ಯುದ್ಧವೇ ಇವರಿಗೆ ಪಥ್ಯ ಬರೆದು ಕೊಟ್ಟಿತ್ತು. ನೀವು ಬಿಡಲಿಲ್ಲ."

ಮರಳಿ ಬರುವಾಗ ಗಾಡಿಯಲ್ಲಿ ಬುತ್ತಿಯನ್ನು ಯಾರೂ ಮುಟ್ಟಲಿಲ್ಲ. ಅಜ್ಜಿ ಅದನ್ನು ಎತ್ತುಗಳಿಗೆ ಹಾಕಲು ಹೋಗಿ, ಅವುಗಳಿಗಾದರೂ ಏನಾಗುವುದೋ ಎಂದು ಕೈ ಹಿಂದೆಗೆದರು.

ಮಂಗಳೂರಿನ ಆಸ್ಪತ್ರೆಯಲ್ಲಿ ಮಾವನ ಎಡಗಾಲಿನ ಎರಡು ಬೆರಳುಗಳನ್ನು ತೆಗೆದರು. ಪಾದ ಉಳಿಯಿತು. ಪಟೇಲರು ದೊಡ್ಡ ಮನಸ್ಸು ಮಾಡಿ ಮೂರು ತಿಂಗಳು ಕಾದರು. ಅಷ್ಟರಲ್ಲಿ ಅಜ್ಜಿ, ಮಗನಿಗೆ ಅನ್ನ ಬಡಿಸದ ತಾಯಿ ಎಂಬ ಊರವರ ಮಾತನ್ನು ಕೇಳಿಯೂ ಕೇಳದವರಂತೆ ಇದ್ದು, ದಿನಕ್ಕೊಂದು ಸೊಪ್ಪು ಹುಡುಕಿ ತಂದು ಬೇಯಿಸಿ ಬೇಯಿಸಿ ಮಾವನನ್ನು ನಿಲ್ಲಿಸಿದರು. ಬಡಿಸಿದ ಮೇಲೆ ಅವರು ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಬಟ್ಟಲಿನಲ್ಲಿ ಒಂದೇ ಹಿಡಿ ಅನ್ನವನ್ನು ನೋಡುವುದು ಅವರಿಂದ ಕೊನೆಯವರೆಗೂ ಆಗಲಿಲ್ಲ.

ಮಾವ ಕುಂಟುತ್ತಾ ಮತ್ತೆ ಚೀಟಿ ಹಿಡಿದು ಹೊರಟರು. ಆದರೆ ಊರವರ ಬೆಲ್ಲಕ್ಕೆ ಏನು ಮಾಡುವುದು? ಉಗ್ರಾಣಿಗೆ ಕಾಯಿಲೆ ಎಂದು ತಿಳಿದರೆ ಕೆಲಸಕ್ಕೆ ಕುತ್ತು. ಮುಟ್ಟದೆ ಎದ್ದರೆ ಆ ಮನೆಯವರಿಗೆ ನಿದ್ದೆಯಿಲ್ಲ. ಅವರು ಬೆಲ್ಲವನ್ನು ಬಾಯಿಯ ಹತ್ತಿರ ಒಯ್ದು, ಮೆಲ್ಲ ಅಂಗಿಯ ಕಿಸೆಗೆ ಇಳಿಸಿ, ನೀರು ಮಾತ್ರ ಕುಡಿಯುವುದನ್ನು ಕಲಿತರು. ಸಂಜೆ ಆ ಬೆಲ್ಲವೆಲ್ಲ ನನಗೆ. ಆ ವರ್ಷ ನಾನು ಊದಿಕೊಂಡ ಚಂದವನ್ನು ಇಲ್ಲಿ ಹೇಳುವುದಿಲ್ಲ. ಇರುವೆಗಳೂ ಮತ್ತೆ ಬಂದವು, ಈ ಸಲ ಗೂಟಕ್ಕೆ ನೇತುಹಾಕಿದ ಅಂಗಿಗೆ.

ಹತ್ತು ವರ್ಷ ಕಳೆದು ನನ್ನ ಮದುವೆಯಾಯಿತು. ಮದುವೆಯ ಮಾರನೆಯ ದಿನ ಮಾವ ಚಾವಡಿಯಲ್ಲಿ ಕಾಲು ಚಾಚಿ ಕೂತಿದ್ದರು. ನಾನು ಹೊಸ ಸೀರೆಯ ಸಡಗರದಲ್ಲಿ ಪಕ್ಕದಲ್ಲಿ ಕೂತು ಆ ಮೂರು ಬೆರಳಿನ ಪಾದವನ್ನು ಒತ್ತುತ್ತಿದ್ದೆ. ಅಷ್ಟು ವರ್ಷ ಬಾಯಿಗೆ ಬಂದು ಬಂದು ಹಿಂದೆ ಹೋಗುತ್ತಿದ್ದ ಪ್ರಶ್ನೆ ಆ ದಿನ ಹೊರಬಿತ್ತು.

"ಮಾವ, ಆ ಇರುವೆ ನೋಡಿದಾಗ ನಿಮಗೆ ಎಂತದೂ ಅನ್ನಿಸ್ಲಿಲ್ವಾ?"

"ಇರುವೆ ನಾನು ನಿನಗಿಂತ ಮೊದಲೇ ನೋಡಿದ್ದೆ. ಬೆಳ್ಳೂರಿಗೆ ಹೋದಾಗ ಅಲ್ಲಿಯ ಮದ್ದಿನ ಪಂಡಿತರಲ್ಲಿ ಕೇಳಿದ್ದೆ. ಸಿಹಿ ಬಿಡು, ಅನ್ನ ಕಡಿಮೆ ಮಾಡು ಅಂತ ಹೇಳಿದ್ರು."

ನನ್ನ ಕೈ ಅಲ್ಲಿಗೇ ನಿಂತಿತು. "ಗೊತ್ತಿತ್ತಾ ನಿಮಗೆ? ಮತ್ತೆ ಯಾಕೆ ತಿಂದದ್ದು?"

"ಮನೆಯಲ್ಲಿ ಹೇಳಿದ್ರೆ ನೀವು ಹೆದರ್ತೀರಿ. ಹೊರಗೆ ಗೊತ್ತಾದ್ರೆ ಕೆಲಸ ಹೋಗ್ತದೆ. ಸುಮ್ಮನೆ ಬೇಡ ಅಂತ ಹೇಳಿ ನೋಡುವಾ ಅಂತ ಮಾಡಿದೆ. ನಿನ್ನ ಅಜ್ಜಿಗೆ ಹೇಳಿದೆ, ಅಮ್ಮನಿಗೆ ಹೇಳಿದೆ." ಮಾವ ನಕ್ಕರು. ಆ ನಗುವಿನಲ್ಲಿ ಒಂದಿಷ್ಟೂ ದೂರು ಇರಲಿಲ್ಲ. "ನಿನಗೂ ಹೇಳಿದ್ದೆ ಮಗಾ. ಎರಡು ಸಲ ಹೇಳಿದ್ದೆ. ನೀನು ಮತ್ತೆ ಕೈ ಚಾಚಿದೆ. ನಿನ್ನ ಬಾಯಿಯದ್ದನ್ನು ತೆಗೆದು ತಂದದ್ದಲ್ಲವಾ, ಹೇಗೆ ತಿನ್ನದೆ ಇರುವುದು?"

ಅವರು ಬೇರೆ ಮಾತಿಗೆ ಹೋದರು. ನಾನು ಆ ಪಾದವನ್ನು ಹಿಡಿದುಕೊಂಡೇ ಕೂತಿದ್ದೆ. ಇಲ್ಲದ ಆ ಎರಡು ಬೆರಳುಗಳಲ್ಲಿ ಒಂದನ್ನು ಅಜ್ಜಿಯೂ ಅಮ್ಮನೂ ಹಂಚಿಕೊಳ್ಳಲಿ. ಇನ್ನೊಂದು ನನ್ನದು, ಮೂರನೆಯ ಸಲ ಕೈ ಚಾಚಿದವಳದ್ದು.

ಸೊಸೆಗೆ ಇದನ್ನೆಲ್ಲ ಹೇಳಲಿಲ್ಲ. ಅವಳು ಇನ್ನೂ ಮುಖ ಗಂಟು ಹಾಕಿಕೊಂಡು ಪಾತ್ರೆ ಬಡಿಯುತ್ತಿದ್ದಾಳೆ. ಅವಳ ದೊಡ್ಡಪ್ಪ ಕುಂಜತ್ತೂರಿನಲ್ಲಿ ನನ್ನನ್ನು ಜಿಪುಣಿ ಎನ್ನುತ್ತಾರಂತೆ. ಅನ್ನಲಿ. ಕೋಪ ಮಾಡಿಕೊಂಡು ಹೋದರು ನಿಜ, ಆದರೆ ಹತ್ತು ಬೆರಳಿನಲ್ಲಿ ನಡೆದುಕೊಂಡು ಹೋದರು. ಅವರು ಮೆಟ್ಟಿಲು ಇಳಿಯುವಾಗ ನಾನು ಎಣಿಸಿದ್ದೇನೆ.